ಅನುಮಾನ ಇದ್ರ ಎದುರಿನವರದು

ನನ್ನ ಅಭಿಪ್ರಾಯಗಳು ಹುಟ್ಟುವುದು ಚೀಟಿಯಿಂದ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎತ್ತಿದ ಚೀಟಿಯಲ್ಲಿ ‘ಪರ’ ಅಂತಲೋ ‘ವಿರೋಧ’ ಅಂತಲೋ ಇರುತ್ತಿತ್ತು. ಓದಿದ ಕ್ಷಣದಿಂದ ಆ ಪಕ್ಷದಲ್ಲಿ ನನಗೆ ಅಚಲ ನಂಬಿಕೆ. ಹೀಗೆ ಗೆದ್ದ ಕಪ್ಪುಗಳು ನಮ್ಮ ಮನೆಯ ಷೋಕೇಸಿನಲ್ಲಿ ಗೊಂಬೆಗಳನ್ನೆಲ್ಲ ಮೂಲೆಗೆ ತಳ್ಳಿ ನಿಂತಿವೆ. ಯಾವುದನ್ನೂ ಅನುಮಾನಿಸದೆ ಒಪ್ಪಬಾರದು ಎಂಬುದು ನನ್ನ ಸಿದ್ಧಾಂತ. ಅನುಮಾನದ ಲಾಭ ನನಗೇ ಸಿಗಬೇಕು ಎಂಬುದು ಉಪಸಿದ್ಧಾಂತ. ಇವೆರಡನ್ನೂ ಇಟ್ಟುಕೊಂಡು ಲೋಕದಲ್ಲಿ ಹೇಗೋ ಬಾಳಬಹುದು, ಅಪ್ಪನ ಜೊತೆ ಡಬಲ್ಸ್ ಶಟಲ್ ಆಡಲಾಗದು.

ಶೆಟ್ಟಿಹಳ್ಳಿಯ ನಮ್ಮ ಬಡಾವಣೆಯಲ್ಲಿ ಒಂದು ಖಾಲಿ ಸೈಟಿನಲ್ಲಿ ನೆಟ್ ಕಟ್ಟಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಆಡುತ್ತೇವೆ. ಅಂಪೈರ್ ಇಲ್ಲ. ಕಾಕ್ ಯಾರ ಹತ್ತಿರ ಬಿತ್ತೋ ಅವರೇ ಇನ್ನೋ ಔಟೋ ಹೇಳಬೇಕು. ಅಂದರೆ ಆರೋಪಿಯನ್ನೇ ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸುವ ಪದ್ಧತಿ. ಆಟ ಸ್ವಲ್ಪ ಸಾಗುವಷ್ಟರಲ್ಲಿ ಗೆರೆ ಅರ್ಧ ಅಳಿಸಿ ನಮ್ಮ ಬೂಟುಗಳಿಗೆ ಅಂಟಿರುತ್ತದೆ. ಆಮೇಲೆ ಗೆರೆ ಇರುವುದು ನಾಲಿಗೆಯ ಮೇಲೆ ಮಾತ್ರ. ಇಲ್ಲಿ ಬಡಾವಣೆ ಆಗುವುದಕ್ಕೆ ಮೊದಲಿನಿಂದ ಇರುವ ಮುನಿರಾಜಣ್ಣ, ಕಾಕ್ ಇನ್ನೂ ಆಕಾಶದಲ್ಲಿರುವಾಗಲೇ “ಔಟು” ಎಂದುಬಿಡುತ್ತಾರೆ. ನನ್ನದು ಅದಕ್ಕಿಂತ ಸುಸಂಸ್ಕೃತ ಕ್ರಮ. ಬಿದ್ದ ಮೇಲೆಯೇ ಔಟ್ ಎನ್ನುತ್ತೇನೆ, ಗಾಳಿ, ಇಳಿಜಾರು, ಗೆರೆಯ ಮೂಲಸ್ಥಾನ ಇತ್ಯಾದಿ ಕಾರಣಗಳ ಸಮೇತ. ಅಪ್ಪ ಗದಗಿನ ಕಡೆಯವರು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. ಅವರಿಗೆ ಕಾರಣಗಳೇ ಬೇಡ. “ಅನುಮಾನ ಇದ್ರ ಎದುರಿನವರದು” ಎಂದು ಗೆರೆಯ ಹತ್ತಿರ ಬಿದ್ದದ್ದನ್ನೆಲ್ಲ ದಾನ ಮಾಡಿಬಿಡುತ್ತಾರೆ.

“ಅಪ್ಪ, ನೀವು ಆಡ್ತಿರೋದು ನಮ್ಮ ಕಡೆನಾ, ಅವ್ರ ಕಡೆನಾ?” ಎಂದು ಒಮ್ಮೆ ಕೇಳಿದೆ.

“ಕಡಿ ಹಿಡ್ಯಾಕ ಅಲ್ಲವ್ವಾ, ಆಡಾಕ ಬಂದೀನಿ,” ಎಂದರು.

ಈ ವರ್ಷ ಅವರ ಮಂಡಿ ಕೈಕೊಟ್ಟಿತು. ಆಟ ನಿಲ್ಲಿಸಿ ಎಂದರು ಡಾಕ್ಟರು. “ರಾಜ್ಯೋತ್ಸವದ ಟೂರ್ನಮೆಂಟ್ ಒಂದು ಆಡಿ ಬಿಟ್ಟುಬಿಡ್ತೀನ್ರಿ,” ಎಂದು ಅಪ್ಪ ಅವರಿಂದ ವಾಯಿದೆ ತೆಗೆದುಕೊಂಡು ಬಂದರು. ಇಷ್ಟು ವರ್ಷ ಆಡಿದರೂ ಅಪ್ಪನಿಗೆ ಒಂದು ಕಪ್ಪೂ ಬಂದಿಲ್ಲ. ನಾನು ಯಾರಿಗೂ ಹೇಳದೆ ನನ್ನ ಕಪ್ಪುಗಳನ್ನು ಒತ್ತೊತ್ತಾಗಿ ಸರಿಸಿ, ಷೋಕೇಸಿನ ನಡುವೆ ಜಾಗ ಮಾಡಿಟ್ಟೆ.

ಫೈನಲ್‌ನಲ್ಲಿ ಎದುರಿಗೆ ಮುನಿರಾಜಣ್ಣ ಮತ್ತು ಅವರ ಭಾವಮೈದ. ಎರಡೂ ಕಡೆ ಸಮಸಮ ಬಂದು ನಿಂತಿತು. ಮುಂದಿನ ಪಾಯಿಂಟ್ ಯಾರದೋ ಕಪ್ ಅವರದು. ಮುನಿರಾಜಣ್ಣ ಎತ್ತಿ ಹೊಡೆದ ಕಾಕ್ ಅಪ್ಪನ ತಲೆಯ ಮೇಲೆ ಹಾರಿ ಹಿಂದೆ ಬಿತ್ತು. ಗೆರೆಯಿಂದ ಒಂದು ಗೇಣು ಆಚೆ. ನಾನು ಕಣ್ಣಾರೆ ಕಂಡೆ.

“ಇನ್ ಇರಬೇಕು,” ಎಂದರು ಅಪ್ಪ. “ಸರಿ ಕಾಣಲಿಲ್ಲ. ಅನುಮಾನ ಇದ್ರ ಎದುರಿನವರದು.”

“ಔಟ್ ಅಪ್ಪ, ನಾನು ನೋಡಿದೆ,” ಎಂದೆ. ಸುತ್ತ ಕುರ್ಚಿ ಹಾಕಿಕೊಂಡು ಕೂತವರೆಲ್ಲ ನಕ್ಕರು. “ನೀನು ಯಾವತ್ತು ಔಟ್ ಅಂದಿಲ್ಲ ಹೇಳಮ್ಮ,” ಎಂದರು ಪಕ್ಕದ ಮನೆ ಆಂಟಿ. ಜೀವನದಲ್ಲಿ ಅಪರೂಪಕ್ಕೆ ಸತ್ಯ ನನ್ನ ಪಕ್ಷದಲ್ಲಿತ್ತು. ಸಾಕ್ಷಿ ಮಾತ್ರ ನಾನೇ ಆಗಿಬಿಟ್ಟಿದ್ದೆ.

ಆಗ ಮುನಿರಾಜಣ್ಣ ನೆಟ್ಟಿನ ಹತ್ತಿರ ಬಂದರು. “ಯಜಮಾನ್ರೇ, ನಿಮ್ ಮಗ್ಳು ಏಳೋದು ದಿಟ. ಔಟೇ ಅದು. ಒಡ್ದೋನ್ಗೆ ಗೊತ್ತಾಗಕಿಲ್ವಾ?”

“ನನ್ನ ಹಿಂದ ಬಿದ್ದದ್ದು. ಹೇಳಾಂವ ನಾ.”

“ಅಂಗಂತ ಬಿಟ್ಟಿ ಪಾಯಿಂಟ್ ಇಸ್ಕೊಳಾಕಾಯ್ತದಾ?”

ಇಬ್ಬರೂ ತಮ್ಮ ತಮ್ಮ ಸೋಲಿಗಾಗಿ ಪಟ್ಟು ಹಿಡಿದು ವಾದಿಸಿದರು. ಇಂಥ ಚರ್ಚೆಗೆ ನನಗೆ ತರಬೇತಿಯೇ ಇರಲಿಲ್ಲ. ಕೊನೆಗೆ ಆ ಪಾಯಿಂಟನ್ನೇ ಮತ್ತೆ ಆಡುವುದೆಂದಾಯಿತು.

ಈ ಸಲ ಕಾಕ್ ನನ್ನ ಕಡೆಗೇ ಬಂತು. ಆಚೆ ಹೋಗುತ್ತದೆಂದು ಬಿಟ್ಟೆ. ಗೆರೆ ಪೂರ್ತಿ ಅಳಿಸಿಹೋಗಿದ್ದ ಕಡೆ, ನನ್ನ ಕಾಲ ಬುಡದಲ್ಲಿ ಬಿತ್ತು. ಎಲ್ಲರೂ ನನ್ನನ್ನು ನೋಡಿದರು. ಅಪ್ಪನೂ ಮಂಡಿ ಹಿಡಿದುಕೊಂಡು ನೋಡುತ್ತಿದ್ದರು. ಒಂದು ಮಾತು ಹೇಳಿದರೆ ಷೋಕೇಸಿನ ಆ ಜಾಗ ತುಂಬುತ್ತಿತ್ತು. ಕಾರಣಗಳೂ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿದ್ದವು. ಆದರೆ ನಿಜಕ್ಕೂ ನನಗೆ ಅನುಮಾನವಿತ್ತು.

“ಇನ್,” ಎಂದೆ. ಯಾರದೋ ದನಿಯಂತೆ ಕೇಳಿಸಿತು.

ಮನೆಗೆ ಹೋಗುವಾಗ ಅಪ್ಪ ನನ್ನ ಹೆಗಲ ಮೇಲೆ ಕೈಯೂರಿ ಕುಂಟುತ್ತ ನಡೆದರು. ತಿರುವಿನಲ್ಲಿ ನಿಂತು, “ಅದು ಹೊರಗ ಬಿದ್ದಿತ್ತವ್ವಾ, ನಾ ನೋಡೀನಿ,” ಎಂದರು.

“ಮತ್ತೆ ಯಾಕೆ ಹೇಳ್ಲಿಲ್ಲ?”

“ನಿನ್ನ ಹತ್ರ ಬಿದ್ದಿತ್ತು. ಹೇಳಾಕಿ ನೀ.” ಹಾಗೆಂದು ನಗತೊಡಗಿದವರು ಗೇಟು ತೆಗೆಯುವವರೆಗೂ ನಿಲ್ಲಿಸಲಿಲ್ಲ. ನನ್ನ ಆಯುಷ್ಯದಲ್ಲೇ ಮೊದಲ ಬಾರಿ ಎದುರಾಳಿಯ ಪರ ತೀರ್ಪು ಕೊಟ್ಟಿದ್ದೆ, ಅದೂ ತಪ್ಪು. ಕಪ್ ಗೆದ್ದವರಂತೆ ನಗುತ್ತಿದ್ದವರು ಮಾತ್ರ ಅಪ್ಪ.

ಎರಡನೇ ಬಹುಮಾನ ಒಂದು ಹಾಟ್‌ಬಾಕ್ಸ್. ಅದನ್ನಾದರೂ ಷೋಕೇಸಿನಲ್ಲಿಡೋಣವೆಂದರೆ ಅವ್ವ ಬಾಗಿಲಲ್ಲೇ ಇಸಿದುಕೊಂಡು ಅಡುಗೆಮನೆಗೆ ಒಯ್ದಳು. ಈಗ ಅದರಲ್ಲಿ ಜೋಳದ ರೊಟ್ಟಿ ಬೆಚ್ಚಗಿರುತ್ತದೆ. ನನ್ನ ಕಪ್ಪುಗಳಲ್ಲಿ ಒಂದೂ ಇಂಥ ಉಪಕಾರ ಮಾಡಿದ್ದಿಲ್ಲ. ಕೊನೆಗೆ ಒಂದೇ ರೊಟ್ಟಿ ಉಳಿದು, ಅದು ಯಾರದೆಂಬ ಪ್ರಶ್ನೆ ಏಳುತ್ತದೆ. ಅಪ್ಪ ತಮ್ಮ ಹಳೆಯ ನಿಯಮ ಹೇಳಿ ಅದನ್ನು ಎದುರಿಗೆ ಕೂತ ನನ್ನ ತಟ್ಟೆಗೆ ಹಾಕುತ್ತಾರೆ. ಆ ತೀರ್ಪನ್ನು ಮಾತ್ರ ನಾನು ಯಾವತ್ತೂ ಪ್ರಶ್ನಿಸಿಲ್ಲ.