ಆನೆ ಕಾಸಿಗೆ ಮಾರ್ಕ್ಸು

ನಮ್ಮ ಸೋದರಮಾವನಿಗೆ ಎರಡು ಸಂಸಾರ. ಬಸವೇಶ್ವರನಗರದಲ್ಲಿ ಅವರ ಬೀದಿಗೆಲ್ಲ ಗೊತ್ತಿರುವ ವಿಷಯ, ಹಾಗಾಗಿ ಇಲ್ಲಿ ಬರೆದರೆ ತಪ್ಪಿಲ್ಲ. ಮೊದಲನೆಯದು ನಮ್ಮ ಅತ್ತೆ ಮತ್ತು ಒಬ್ಬಳೇ ಮಗಳು. ಎರಡನೆಯದು ಬೀರುವಿನೊಳಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿರುತ್ತದೆ. ಹಳೇ ನಾಣ್ಯಗಳು! ಅತ್ತೆಗೆ ನೆಗಡಿಯಾದರೆ "ಕಷಾಯ ಮಾಡ್ಕೊಂಡು ಕುಡಿ" ಎಂದು ಪೇಪರ್ ತಿರುವಿಹಾಕುವ ಈ ಮನುಷ್ಯ, ಮಳೆಗಾಲ ಬಂತೆಂದರೆ ಡಬ್ಬಿಗೆ ಥಂಡಿ ಹತ್ತೀತೆಂದು ದಿನಾ ತೆಗೆದು ನೋಡುತ್ತಾರೆ.

ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಕಾಫಿ ಬರುವ ಮುಂಚೆಯೇ ಡಬ್ಬಿ ಬಂತು! ತಮ್ಮ ಪಟ್ಟದ ನಾಣ್ಯವನ್ನು ಮಾವ ಹುಡುಗನ ಮುಂದೆ ಹಿಡಿದರು. ಹಳೇ ಮೈಸೂರಿನ ತಾಮ್ರದ ಕಾಸು; ಅದರ ಮೇಲೊಂದು ಪುಟ್ಟ ಆನೆ, ಆನೆಯ ಬೆನ್ನ ಮೇಲ್ಗಡೆ ಚಂದ್ರ. ಹುಡುಗ ಕತ್ತು ಓರೆ ಮಾಡಿ ನೋಡಿ, "ಇದು ಈಗ ನಡಿಯುತ್ತಾ ಅಂಕಲ್?" ಎಂದ. ಅವರು ಗೇಟು ದಾಟಿದ್ದೇ ತಡ, ಮಾವ "ಈ ಸಂಬಂಧ ಬೇಡ" ಎಂದು ತೀರ್ಪಿತ್ತರು. ನಾವೆಲ್ಲ ಜಗಳಕ್ಕೆ ತಯಾರಾದೆವು. ಆದರೆ ಮಗಳು ಒಳಗಿನಿಂದ ಓಡಿಬಂದು, "ಥ್ಯಾಂಕ್ಸ್ ಅಪ್ಪಾ, ನಂಗೂ ಇಷ್ಟ ಆಗಿರ್ಲಿಲ್ಲ" ಎನ್ನಬೇಕೆ!

ಇನ್ನು ಹುಣಸೆಹಣ್ಣಿನ ಪ್ರಕರಣ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಪೂಜೆ ಪಾತ್ರೆಗಳನ್ನು ಉಜ್ಜುತ್ತಿದ್ದ ಅತ್ತೆ, ಪಾಪ, ಅವೂ ಹೊಳೆಯಲಿ ಎಂದು ಡಬ್ಬಿಯ ನಾಣ್ಯಗಳನ್ನೂ ಉಜ್ಜಿಬಿಟ್ಟರು. ಮಾವ ಬಂದು ನೋಡಿ ಕುರ್ಚಿಯ ಮೇಲೆ ಕುಸಿದರು.

"ನೂರಾರು ವರ್ಷದ ಬಣ್ಣ ಕಣೇ ಅದು!"

"ಬಣ್ಣ ಅಲ್ಲ ರೀ, ಕೊಳೆ."

ನಾಣ್ಯ ಕೂಡಿಸುವವರಿಗೆ ಆ ಕೊಳೆಯೇ ಮಾಂಗಲ್ಯವಂತೆ. ಹೋದರೆ ಬೆಲೆಯೂ ಹೋಯಿತು. ಪುಣ್ಯಕ್ಕೆ ಅವತ್ತು ಆನೆ ಕಾಸು ಮಾವನ ಅಂಗಿ ಜೇಬಿನಲ್ಲಿತ್ತು.

ಹಾಗೆ ಬಚಾವಾದ ಕಾಸಿಗೇ ಕಂಟಕ ಬಂದದ್ದು ಹೋದ ಚಳಿಗಾಲದಲ್ಲಿ. ರಾಜಾಜಿನಗರದ ಒಂದು ಕಲ್ಯಾಣಮಂಟಪದಲ್ಲಿ ನಾಣ್ಯ ಪ್ರದರ್ಶನವಿತ್ತು. ಅಲ್ಲೊಬ್ಬ ವ್ಯಾಪಾರಿ ಕಾಸನ್ನು ಭೂತಗನ್ನಡಿಯಲ್ಲಿ ನೋಡಿ, ಮೂಗು ಮುರಿದು, "ಈಚೆಗೆ ಎರಕ ಹೊಯ್ದಿರೋ ಹಂಗಿದೆ ಸಾರ್" ಎಂದುಬಿಟ್ಟ. ನಕಲಿ! ಪಕ್ಕದಲ್ಲಿದ್ದ, ಗ್ರೇಡಿಂಗ್ ಕಂಪನಿಗೆ ನಾಣ್ಯ ಕಳಿಸಿಕೊಡುವ ಏಜೆಂಟ್ ಹುಡುಗ ತಕ್ಷಣ ಸಮಾಧಾನ ಹೇಳಿದ. "ಗ್ರೇಡಿಂಗ್ ಮಾಡ್ಸಿಬಿಡಿ ಸಾರ್. ಅಸಲಿನಾ ಅಂತ ಪರೀಕ್ಷೆ ಮಾಡಿ, ಎಪ್ಪತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕಿ, ಪ್ಲಾಸ್ಟಿಕ್ ಡಬ್ಬಿಲಿ ಸೀಲ್ ಮಾಡಿ ಕೊಡ್ತಾರೆ. ಆಮೇಲೆ ಯಾರೂ ಮುಟ್ಟಂಗಿಲ್ಲ, ಯಾರೂ ಮಾತಾಡಂಗಿಲ್ಲ."

ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿ ಊರ ಮಕ್ಕಳಿಗೆಲ್ಲ ಮಾರ್ಕ್ಸು ಹಾಕಿದ ಮನುಷ್ಯ, ಈಗ ತಾವೇ ಪರೀಕ್ಷೆಗೆ ಕೂರುವವರಂತೆ ಬೆವರತೊಡಗಿದರು. ಕಳಿಸಲೇ? ಬೇಡವೇ? ಕಳಿಸಿ, ನಕಲಿ ಎಂದು ಬಂದರೆ? ಕಳಿಸದಿದ್ದರೆ ಆ ವ್ಯಾಪಾರಿಯ ಮೂಗು ಮುರಿದೇ ಇರುತ್ತದಲ್ಲ! ಊಟಕ್ಕೆ ಕೂತರೂ ಅದೇ ಚರ್ಚೆ. ಕೊನೆಗೆ ಅತ್ತೆ ರೇಗಿ, "ನನ್ನನ್ನ ಮದ್ವೆ ಆಗುವಾಗ ಯಾರ ಹತ್ರ ಮಾರ್ಕ್ಸ್ ಹಾಕ್ಸಿದ್ರಿ?" ಎಂದರು.

"ಆಗ ಗ್ರೇಡಿಂಗ್ ಬಂದಿರ್ಲಿಲ್ಲ ಕಣೇ!"

ಆ ದಿನ ಮಾವನಿಗೆ ಸಾರು ಸಿಕ್ಕಲಿಲ್ಲವಂತೆ.

ಅಂತೂ ಕಳಿಸುವುದೆಂದು ತೀರ್ಮಾನವಾಯಿತು. ಏಜೆಂಟನ ಅಂಗಡಿ ವಿಜಯನಗರದಲ್ಲಿ. ನಮ್ಮ ಮನೆ ಅದರ ಪಕ್ಕದ ಆರ್‌ಪಿಸಿ ಲೇಔಟಿನಲ್ಲಿ. ಒಂದು ಭಾನುವಾರ ಬೆಳಿಗ್ಗೆ ಮಾವ ಬಂದು, "ನಡಿಯೇ, ಸ್ಕೂಟರ್ ತೆಗಿ" ಎಂದರು. ಕಾಸು ಹತ್ತಿಯಲ್ಲಿ, ಹತ್ತಿ ಡಬ್ಬಿಯಲ್ಲಿ, ಡಬ್ಬಿ ಕರ್ಚೀಫಿನಲ್ಲಿ. ಹೆಣ್ಣು ಒಪ್ಪಿಸಿಕೊಡುವ ತಂದೆಯ ಮುಖ.

ನಡುಮನೆಯಲ್ಲಿ ನಮ್ಮಮ್ಮ, ಅಂದರೆ ಮಾವನ ಅಕ್ಕ, ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದಳು. ಸಕ್ಕರೆ ಕಾಯಿಲೆಯಿಂದ ಅಮ್ಮನ ಎರಡು ಕಣ್ಣೂ ಹೋಗಿವೆ. ಬೆಳಕಿದೆಯೋ ಇಲ್ಲವೋ ಎನ್ನುವಷ್ಟು ಮಾತ್ರ ತಿಳಿಯುತ್ತದೆ. ಅವರೆ ಹಿತುಕಲು ಕಣ್ಣು ಬೇಡ, ಹೆಬ್ಬೆರಳು ಸಾಕು ಎನ್ನುತ್ತಾಳೆ.

"ಎಲ್ಲಿಗೋ ಹೊರಟಿದೀರ?"

ಮಾವ ಕಥೆಯೆಲ್ಲ ಹೇಳಿದರು.

"ಕೊಡೋ ಇಲ್ಲಿ, ನೋಡ್ತೀನಿ" ಎಂದು ಅಮ್ಮ ಕೈಚಾಚಿದಳು. ಕೈತುಂಬ ಅವರೆಯ ಲೋಳೆ! ಗ್ರೇಡಿಂಗಿಗೆ ಹೊರಟ ನಾಣ್ಯಕ್ಕೆ ಬೆರಳಿನ ಗುರುತೂ ತಾಗಬಾರದೆಂದು ಏಜೆಂಟ್ ಪದೇ ಪದೇ ಹೇಳಿದ್ದ. ಮಾವ ನನ್ನ ಮುಖ ನೋಡಿದರು, ಅಮ್ಮನ ಕೈ ನೋಡಿದರು. ಆಮೇಲೆ ಕರ್ಚೀಫು ಬಿಚ್ಚಿ ಕಾಸನ್ನು ಆ ಅಂಗೈಯಲ್ಲಿಟ್ಟರು.

ಅಮ್ಮ ಹೆಬ್ಬೆರಳಿನಿಂದ ನಿಧಾನವಾಗಿ ಸವರಿದಳು. ತಿರುಗಿಸಿ ಮತ್ತೆ ಸವರಿದಳು. ಮುಖ ಅರಳಿತು.

"ಆನೆ ಕಣೋ! ಸೊಂಡಿಲು ಕೆಳಗೆ ಬಿಟ್ಟಿದೆ. ಬೆನ್ ಮೇಲೆ ಇದು... ಚಂದ್ರ ಅಲ್ವೇನೋ? ಅಯ್ಯೋ, ಎಷ್ಟು ಚೆನ್ನಾಗಿ ಕಾಣ್ತಾ ಇದೆ!"

ಕಾಣ್ತಾ ಇದೆ. ಕಣ್ಣು ಹೋದಮೇಲೆ ಅಮ್ಮ ಆ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಮಾವನ ಫೋನು ಬಡಿದುಕೊಂಡಿತು. ಏಜೆಂಟ್. "ಎಲ್ಲಿದೀರಾ ಸಾರ್?" ಎಂದದ್ದು ನನಗೂ ಕೇಳಿಸಿತು.

"ಇಲ್ಲಪ್ಪ, ಬರಲ್ಲ. ಡಬ್ಬಿಲಿ ಸೀಲ್ ಮಾಡಿದ್ರೆ ನಮ್ಮಕ್ಕಂಗೆ ಕಾಣಲ್ಲ" ಎಂದು ಮಾವ ಫೋನಿಟ್ಟರು. ಆಮೇಲೆ ಚಪ್ಪಲಿ ಬಿಟ್ಟು, ಅಕ್ಕನ ಎದುರು ಚಕ್ಕಳಮಕ್ಕಳ ಹಾಕಿ ಕೂತು, ತಾವೂ ಅವರೆ ಹಿತುಕಲು ಶುರುಮಾಡಿದರು. ಹಿತುಕಿದ ಕಾಳು ಅರ್ಧ ಪಾತ್ರೆಗೆ, ಅರ್ಧ ಗೋಡೆಗೆ ಹಾರುತ್ತಿತ್ತು. ಅಮ್ಮ ಬಯ್ಯಲಿಲ್ಲ, ಕಾಸನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಮಾವ ವಾಪಸ್ ಕೇಳಲೂ ಇಲ್ಲ.

ಊಟಕ್ಕೆ ಬಡಿಸುವಾಗ ನನಗೆ ಏನಾದರೂ ಹೇಳಬೇಕೆನಿಸಿ, "ಮಾವ, ತುಂಬಾ ಥ್ಯಾಂಕ್ಸ್..." ಎಂದು ತಡವರಿಸಿದೆ.

"ಥ್ಯಾಂಕ್ಸ್ ಇರ್ಲಿ, ಹಿತುಕಿದ ಬೇಳೆ ಸಾರು ಇನ್ನೊಂದು ಸೌಟು ಹಾಕೇ" ಎಂದರು, ತಲೆ ಎತ್ತದೆ.

ಎರಡು ಸೌಟು ಹಾಕಿದೆ.