ಬನ್ನಿಗಿಡದ ತಿರುವು

ಬೆಳಿಗ್ಗೆ ಏಳಕ್ಕೆ ಬಂದ ಒಂದು ಫೋನು ಸಿಂದಗಿಯ ಮಹಮ್ಮದಹನೀಫರ ಮೂವತ್ತೆಂಟು ವರ್ಷದ ಮರ್ಯಾದೆಗೆ ಸಂಚಕಾರ ತಂದಿತು. ಫೋನು ಮಾಡಿದವಳು ಬೇರೆ ಯಾರೂ ಅಲ್ಲ, ಸ್ವಂತ ಮಗಳು ಯಾಸ್ಮಿನ.

“ಅಬ್ಬಾ, ಖುಷಿ ಸುದ್ದಿ ಐತಿ. ನಿಮ್ಮ ರೇಸಿನ ಹಾಳಿ ಸಿಕ್ಕೈತಿ.”

“ಯಾವ ಹಾಳಿ?”

“ಎಂಬತ್ತೆಂಟರ ರೇಸಿಂದು. ಯಾರು ಎಷ್ಟೊತ್ತಿಗೆ ಮುಗಿಸಿದ್ರು, ಯಾರು ಎಷ್ಟು ಗಡಿಗಿ ಒಡದ್ರು, ಎಲ್ಲಾ ಬರದದ್ದು. ಡ್ರಿಲ್ ಮಾಸ್ತರ ಟ್ರಂಕಿನ್ಯಾಗ ಇತ್ತಂತ. ಬಾಗೇವಾಡಿಯಿಂದ ಅವರ ಮನಿಯವರು, ವಿದ್ಯಾವತಿ ಅಕ್ಕೋರು, ಈಗ ಫೋನ್ ಮಾಡಿದ್ರು. ಮಧ್ಯಾಹ್ನ ನಮ್ಮ ಕ್ಲಬ್ಬಿನವರು ಹೋಗಿ ತರ್ತಾರ. ನಾಳಿನ ರೇಸಿನ ಉದ್ಘಾಟನಾ ಇವತ್ತ ಸಂಜಿ ಐದಕ್ಕ ಐತಲ್ಲ, ಸ್ಟೇಜಿನ ಮ್ಯಾಲ ಓದಿ ನಿಮಗ ಶಾಲು ಹಾಕ್ತಾರ.”

ಹನೀಫರ ಬಾಯಲ್ಲಿದ್ದ ಚಹಾ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಆ ರೇಸು ನಡೆದದ್ದು ಸಿಂದಗಿಯ ಹೊರಗಿನ ಎರೆಹೊಲದಲ್ಲಿ, ಜೋಳದ ರಾಶಿ ಮುಗಿದ ಮೇಲೆ. ಆಟೋಕ್ರಾಸ್ ಎಂಬ ಹೆಸರು ಆಗ ಊರಲ್ಲಿ ಹತ್ತು ಮಂದಿಗೂ ಗೊತ್ತಿರಲಿಲ್ಲ. ವಿಜಾಪುರದಿಂದ ಬಂದಿದ್ದ ಒಬ್ಬ ಎಂಜಿನಿಯರು ಹೇಳಿಕೊಟ್ಟಂತೆ ಸುಣ್ಣದ ಗೆರೆ ಎಳೆದು, ತಿರುವು ತಿರುವಿಗೆ ಕುಂಬಾರರ ಗಡಿಗೆ ಇಟ್ಟು, ಮಾರುತಿ, ಫಿಯೆಟ್ಟು ಎಂದು ಹನ್ನೊಂದು ಸಣ್ಣ ಕಾರುಗಳನ್ನು ಒಂದಾದ ಮೇಲೊಂದು ಓಡಿಸಿದರು. ಗಡಿಯಾರ ಹಿಡಿದವರು ಹೈಸ್ಕೂಲಿನ ಡ್ರಿಲ್ ಮಾಸ್ತರು. ಒಂದು ಗಡಿಗೆ ಒಡೆದರೆ ಐದು ಸೆಕೆಂಡು ದಂಡ. ಆದರೆ ಗಡಿಗೆ ಒಡೆದಾಗಲೆಲ್ಲ ಜನ ಸಿಳ್ಳೆ ಹೊಡೆದರು. ಓಡಿಸುವವರು ಇದೇ ಬಹಾದ್ದೂರಿ ಎಂದುಕೊಂಡು ಇನ್ನೆರಡು ಹುಡುಕಿ ಒಡೆದರು. ಕೊನೆಯ ಕಾರು ನಿಂತದ್ದೇ ತಡ, ಆಣೆಕಲ್ಲು ಮಳೆ ಹೊಡೆಯಿತು. ಪೆಂಡಾಲು ಹಾರಿತು, ಜನ ಚದುರಿದರು. ಹಾಳೆಯನ್ನು ಅಂಗಿಯೊಳಗೆ ತುರುಕಿಕೊಂಡು ಮನೆಗೆ ಓಡಿದ ಮಾಸ್ತರಿಗೆ ಮರುವಾರವೇ ಬಾಗೇವಾಡಿಗೆ ವರ್ಗವಾಯಿತು. ಫಲಿತಾಂಶ ಯಾರೂ ಹೇಳಲಿಲ್ಲ.

ಹೇಳುವವರಿಲ್ಲದ ಮೇಲೆ ಹನೀಫರೇ ಹೇಳಿದರು: ಮೊದಲು ಬಂದವನು ನಾನೇ. ಅತ್ತ ಇಂಡಿ ಊರಿನಲ್ಲಿ, ಅದೇ ರೇಸಿನಲ್ಲಿ ಓಡಿಸಿದ್ದ ರೇವಪ್ಪನೂ ಅದನ್ನೇ ಹೇಳಿದ. ಎರಡೂ ಊರಿಗೆ ಒಬ್ಬೊಬ್ಬ ಚಾಂಪಿಯನ್. ನಡುವೆ ನಲವತ್ತು ಚಿಲ್ಲರೆ ಕಿಲೋಮೀಟರು ಇದ್ದುದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಮದುವೆ ಮುಂಜಿಗಳಲ್ಲಿ ಇಬ್ಬರೂ ಎದುರಾದರೆ ಮಳೆ ಬೆಳೆ ಮಾತಾಡುತ್ತಿದ್ದರೇ ಹೊರತು ರೇಸಿನ ಸುದ್ದಿ ಎತ್ತುತ್ತಿರಲಿಲ್ಲ.

ಖರೆ ಸಂಗತಿ ಹನೀಫರ ಹೊಟ್ಟೆಯಲ್ಲಿತ್ತು. ಕೊನೆಯ ತಿರುವಿನಲ್ಲಿ ಬನ್ನಿಗಿಡಕ್ಕೆ ಒಂದು ಸುತ್ತು ಹಾಕಿ ಬರಬೇಕಿತ್ತು. ಅವರು ಹೋಗುವ ಹೊತ್ತಿಗೆ ಗಿಡದ ನೆರಳಲ್ಲಿ, ಸುಣ್ಣದ ಗೆರೆಯ ಮೇಲೆಯೇ, ಒಂದು ಎಮ್ಮೆ ಆರಾಮಾಗಿ ಮಲಗಿತ್ತು. ಹನೀಫರು ಸುತ್ತು ಬಿಟ್ಟು ಅಡ್ಡಹಾದಿಯಲ್ಲಿ ಸೀದಾ ಬಂದುಬಿಟ್ಟರು. ಗಿಡದ ಹತ್ತಿರ ನಿಶಾನೆ ಹಿಡಿದು ನಿಂತವನು ಏನೋ ಕೂಗಿದ್ದ. ಧೂಳಿನಲ್ಲಿ ಮಾಸ್ತರಿಗೆ ಏನೂ ಕಂಡಿರಲಾರದು. ಆದರೆ ಆ ನಿಶಾನೆಯವನು ಆಮೇಲೆ ಹೋಗಿ ಹೇಳಿದನೋ ಇಲ್ಲವೋ, ಹಾಳೆಯಲ್ಲಿ ಏನು ಬರೆದಿದೆಯೋ, ದೇವರೇ ಬಲ್ಲ.

ಊರು ನಕ್ಕರೆ ನಗಲಿ ಎನ್ನಬಹುದಿತ್ತು. ಆದರೆ ಯಾಸ್ಮಿನ? ಅವಳಿಗೆ ಚಿಕ್ಕಂದಿನಲ್ಲಿ ಜೋಗುಳದ ಬದಲು ಈ ಕತೆಯನ್ನೇ ಹೇಳಿದ್ದರು. ವಿಜಾಪುರದಲ್ಲಿ ಹಲ್ಲಿನ ಡಾಕ್ಟರಾದರೂ ಕಾರೆಂದರೆ ಜೀವ ಬಿಡುತ್ತಿದ್ದಳು. ಕ್ಲಬ್ಬು ಕಟ್ಟಿ ಅದೇ ಹೊಲದಲ್ಲಿ ಅದೇ ರೇಸು ಮತ್ತೆ ಶುರು ಮಾಡಿದವಳೂ ಅವಳೇ. ನಾಳೆ ತಾನೂ ಓಡಿಸುವವಳಿದ್ದಳು. ಅರ್ಜಿಯಲ್ಲಿ ‘ಮೊದಲ ಚಾಂಪಿಯನ್ ಹನೀಫರ ಮಗಳು’ ಎಂದು ಬರೆದಿದ್ದಳು. ಆ ಮಗಳ ಮುಖ ಸಣ್ಣದಾಗುವುದನ್ನು ನೋಡುವ ಎದೆಗಾರಿಕೆ ಹನೀಫರಿಗಿರಲಿಲ್ಲ.

ಅಲ್ಲಿಗೆ ತೀರ್ಮಾನವಾಯಿತು. ಕ್ಲಬ್ಬಿನವರಿಗಿಂತ ಮೊದಲು ಬಾಗೇವಾಡಿಗೆ ಹೋಗಬೇಕು. ತಾನೇ ತಲುಪಿಸುತ್ತೇನೆಂದು ಹಾಳೆ ಇಸಿದುಕೊಳ್ಳಬೇಕು. ಬರುವಾಗ ಗಾಳಿಗೆ ಅದು ಕಾಲುವೆಗೆ ಹಾರಿಹೋಗಬೇಕು. ಆಕಾಶ ಕಳಚಿ ಬಿದ್ದರೂ ಸರಿ, ಇದಿಷ್ಟು ಆಗಬೇಕು.

“ನಾಷ್ಟಾ ಬಿಟ್ಟು ಎತ್ತಾಗ ಹೊಂಟೀರಿ?” ಎಂದಳು ಹೆಂಡತಿ ಬಾನುಬಿ.

“ಬಾಗೇವಾಡಿಗೆ.”

“ಯಾಕ?”

“ಹಾಳಿ ತರಾಕ.”

“ಕ್ಲಬ್ಬಿನವರು ತರ್ತಾರಂತಲ್ಲ?”

“ಅವರು ಹುಡುಗರು. ಕಳಕೊಂಡು ಗಿಳಕೊಂಡಾರು” ಎಂದು ಹನೀಫರು ಗಂಭೀರವಾಗಿ ಹೇಳಿ ತಮ್ಮ ಹಳೆಯ ಮಾರುತಿಯ ಬಾಗಿಲು ತೆಗೆದರು. ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ಕಲ್ಮೇಶ ಆಗಲೇ ಒಳಗೆ ಕೂತಿದ್ದ. ಮೊಬೈಲ್ ಅಂಗಡಿ ಇಟ್ಟವನು ಈ ಕಲ್ಮೇಶ. ಓಣಿಯಲ್ಲಿ ಯಾರು ಸೀನಿದರೂ ಅದನ್ನು ವಾಟ್ಸಾಪಿಗೆ ಹಾಕದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

“ಕಾಕಾ, ಇಂಥಾ ದಿನ ನೀವು ಒಬ್ಬರ ಹೋಗಬಾರದು. ನಾ ಬರ್ತೇನಿ.”

“ಇಳಿಯೋ ಮಾರಾಯಾ. ಅಂಗಡಿ ತಗಿ ಹೋಗು.”

“ಅಂಗಡಿ ದಿನಾ ಇರೂದ. ಈಗಾಗಲೇ ಸ್ಟೇಟಸ್ ಹಾಕಿಬಿಟ್ಟೇನಿ, ನಮ್ಮ ಚಾಂಪಿಯನ್ ಕಾಕಾ ದಾಖಲೆ ತರಾಕ ಬಾಗೇವಾಡಿಗೆ ಹೊಂಟಾರ ಅಂತ. ಇಂಡಿಯ ರೇವಪ್ಪಕಾಕಾ ಸೈತ ನೋಡ್ಯಾರ, ನೋಡ್ರಿ ಇಲ್ಲಿ.”

ಹನೀಫರು ಉಸಿರು ಬಿಟ್ಟು ಗಾಡಿ ಚಾಲೂ ಮಾಡಿದರು. ಕಲ್ಮೇಶನನ್ನು ಇಳಿಸುವುದಕ್ಕಿಂತ ಸೀಟು ಕಿತ್ತು ಒಗೆಯುವುದು ಸುಲಭವಿತ್ತು.

ಪೆಟ್ರೋಲಿಗೂ ಕಲ್ಮೇಶನ ಚಹಾಕ್ಕೂ ಮುಕ್ಕಾಲು ತಾಸು ಹೋದದ್ದು ಬಿಟ್ಟರೆ ದೇವರಹಿಪ್ಪರಗಿ ದಾಟುವವರೆಗೆ ಎಲ್ಲ ಸರಿಯಾಗಿತ್ತು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎರಡು ಟ್ರೇಲರು ಕಟ್ಟಿಕೊಂಡು ರಸ್ತೆ ತುಂಬ ತೂಗಾಡುತ್ತ ಹೊರಟಿತ್ತು. ಅದರ ಹಿಂದೆ ಹನೀಫರು. ಹನೀಫರ ಹಿಂದೆ ಒಂದು ಕೆಂಪು ಕಾರು ಬಂದು ಹಾರ್ನ್ ಹೊಡೆಯಿತು. ಕನ್ನಡಿಯಲ್ಲಿ ನೋಡಿದರೆ ಬಿಳಿ ಟೊಪ್ಪಿಗೆ, ದಪ್ಪ ಮೀಸೆ.

“ಅಯ್ಯ, ರೇವಪ್ಪಕಾಕಾ” ಎಂದ ಕಲ್ಮೇಶ ಸಂತೋಷದಿಂದ.

ರೇವಪ್ಪ ಯಾಕೆ ಬರುತ್ತಿದ್ದಾನೆಂದು ಹನೀಫರಿಗೆ ಗೊತ್ತಾಯಿತು. ಅವನ ಕೈಗೆ ಹಾಳೆ ಸಿಕ್ಕರೆ ಅದು ಕಾಲುವೆಗೆ ಹೋಗುವುದಿಲ್ಲ, ಸೀದಾ ಮೈಕಿಗೆ ಹೋಗುತ್ತದೆ. ಹನೀಫರು ಟ್ರ್ಯಾಕ್ಟರಿನ ಬಲಕ್ಕೆ ಕಾರು ಹೊರಳಿಸಿದರು. ರೇವಪ್ಪ ಎಡಕ್ಕೆ, ಮಣ್ಣಿನ ಅಂಚಿಗೆ ಇಳಿಸಿದ. ಅರವತ್ತೆಂಟರ ಮುದುಕ ಒಂದು ಕಡೆ, ಎಪ್ಪತ್ತರ ಮುದುಕ ಇನ್ನೊಂದು ಕಡೆ, ನಡುವೆ ಕಬ್ಬು. ಟ್ರ್ಯಾಕ್ಟರಿನವನು ಇಬ್ಬರಿಗೂ ಸಮನಾಗಿ ಬೈದ.

ಮೊದಲು ಮುಂದೆ ಬಂದವನು ರೇವಪ್ಪ. ಹನೀಫರು ಹಲ್ಲು ಕಚ್ಚಿ ಐವತ್ತೈದು ಮುಟ್ಟಿಸಿದರು. ಮಾರುತಿ ಜ್ವರ ಬಂದವರ ಹಾಗೆ ನಡುಗಿತು. ಹೂವಿನಹಿಪ್ಪರಗಿ ದಾಟಿದ ಮೇಲೆ ನೋಡಿದರೆ ಕೆಂಪು ಕಾರು ಬೇವಿನ ಗಿಡದ ಕೆಳಗೆ ನಿಂತಿತ್ತು. ಬಾನೆಟ್ಟಿನಿಂದ ಹೊಗೆ ಏಳುತ್ತಿತ್ತು. ರೇವಪ್ಪ ಟೊಪ್ಪಿಗೆಯಿಂದ ಅದಕ್ಕೆ ಗಾಳಿ ಹಾಕುತ್ತಿದ್ದ.

ಹನೀಫರು ಖುಷಿಯಿಂದ ಅವನನ್ನು ದಾಟಿ ಹೋಗೇಬಿಟ್ಟಿದ್ದರು.

“ಕಾಕಾ, ನಿಲ್ಲಸ್ರಿ” ಎಂದ ಕಲ್ಮೇಶ. “ಗುರುತಿನವರ ಗಾಡಿ ಹಾದ್ಯಾಗ ಕೆಟ್ಟು ನಿಂತಾಗ ಬಿಟ್ಟು ಹೋದ್ರ ಮಂದಿ ಏನಂದಾರು?”

ಏನನ್ನುತ್ತಾರೆಂದು ಹನೀಫರಿಗೂ ಗೊತ್ತಿತ್ತು. ಅದನ್ನು ಮಂದಿಗೆ ಮುಟ್ಟಿಸುವವನು ಪಕ್ಕದಲ್ಲೇ ಕೂತಿದ್ದ. ಶಪಿಸುತ್ತ ಗಾಡಿಯನ್ನು ಹಿಂದಕ್ಕೆ ತಂದರು.

“ಏನಪಾ ಹನೀಫ, ಭಾಳ ದಿನಾ ಆತು” ಎಂದು ರೇವಪ್ಪ ಮುಂದಿನ ಸೀಟಿಗೆ ಬಂದು ಕೂತ. ಕಲ್ಮೇಶ ಹಿಂದಕ್ಕೆ ಹೋದ. “ಬಾಗೇವಾಡ್ಯಾಗ ಸ್ವಲ್ಪ ಕೆಲಸಿತ್ತು.”

“ನನಗೂ ಅಲ್ಲೇ ಕೆಲಸ ಐತಿ” ಎಂದರು ಹನೀಫರು. ಬಾಗೇವಾಡಿ ಬರುವವರೆಗೆ ಇಬ್ಬರೂ ತೊಗರಿಯ ಧಾರಣೆ ಮಾತಾಡಿದರು.

ವಿದ್ಯಾವತಿ ಅಕ್ಕೋರು ಮೂವತ್ತಾರು ವರ್ಷ ಸಾಲಿ ಕಲಿಸಿ, ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಮೂವರನ್ನೂ ಒಂದೇ ನೋಟದಲ್ಲಿ ಸಾಲಾಗಿ ಕೂಡಿಸಿದರು. ಹನೀಫರು ಹಾಳೆಯ ಮಾತು ತೆಗೆದರೆ, “ಮೊದಲ ಚುರಮರಿ ಸೂಸಲಾ ತಿನ್ರಿ. ತಾಟಿನ್ಯಾಗ ಒಂದು ಕಾಳು ಬಿಡಬಾರದು. ಆಮ್ಯಾಲ ಹಾಳಿ” ಎಂದರು. ಕಲ್ಮೇಶ ಮೂರು ತಾಟು ತಿಂದ. ಅದರಲ್ಲಿ ಒಂದು ಹನೀಫರದು.

ಅಕ್ಕೋರು ಟ್ರಂಕಿನಿಂದ ಮಡಚಿದ ಹಾಳೆ ತೆಗೆದು ಮಡಿಲಲ್ಲಿಟ್ಟುಕೊಂಡರು. “ನಮ್ಮನಿಯವರ ಲೆಕ್ಕಾಚಾರ ಭಾಳ ಕಟ್ಟುನಿಟ್ಟು. ಒಂದು ಗಡಿಗಿ ಸೈತ ಬಿಟ್ಟಿಲ್ಲ. ಸಾಯೂಮುಂದನೂ ಇದನ್ನ ನೆನಿಸಿದ್ರು. ‘ಆ ಹನೀಫಗ ನಾ ಒಂದು ಮಾತು ಹೇಳೂದಿತ್ತು, ಹೇಳದ ಹೊಂಟೇನಿ’ ಅಂದ್ರು.”

ಹನೀಫರು ಖಾಲಿ ತಾಟು ಕೆಳಗಿಟ್ಟರು. ನಿಶಾನೆಯವನು ಹೇಳಿದ್ದಾನೆ. ಮಾಸ್ತರಿಗೆ ಗೊತ್ತಿತ್ತು. ಹಾಳೆಯ ಮೇಲೆ ಅದೇ ಇದೆ. ಸಂಜೆ ಐದಕ್ಕೆ, ಯಾಸ್ಮಿನಳ ಎದುರಿಗೆ, ಯಾರೋ ಮೂರನೆಯವರು ಮೈಕಿನಲ್ಲಿ ಓದುವ ಬದಲು ತಾನೇ ಹೇಳಿಬಿಡುವುದು ಮೇಲಲ್ಲವೇ? ಇಷ್ಟು ವರ್ಷದ ಮೇಲೆ ಒಂದು ಸಲವಾದರೂ ಗಂಡಸಿನ ಹಾಗೆ ನಡೆದುಕೊಳ್ಳಬೇಕೆಂದು ಹನೀಫರಿಗೆ ಹಟ ಬಂತು. ಅವರು ಎದ್ದು ನಿಂತರು.

“ಅಕ್ಕೋರ, ಆ ಮಾತು ನಾನ ಹೇಳ್ತೇನಿ. ಕಡೀ ತಿರುವಿನ್ಯಾಗ ಬನ್ನಿಗಿಡಾ ಸುತ್ತಲಿಲ್ರಿ ನಾನು. ಎಮ್ಮಿ ಮಲಗಿತ್ತು. ಅಡ್ಡಹಾದಿ ಹಿಡದು ಬಂದೆ. ಇಷ್ಟು ವರ್ಷ ನಾನ ಪಸ್ಟ್ ಅಂತ ಮಂದಿಗೆ ಸುಳ್ಳು ಹೇಳಿದೆ, ಮಗಳಿಗೂ ಹೇಳಿದೆ. ತಪ್ಪಾತ್ರಿ.”

ಹೇಳಿ ಮುಗಿದಾಗ ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಯಿತು. ರೇವಪ್ಪ ತಾಟಿನಿಂದ ತಲೆ ಎತ್ತಲಿಲ್ಲ. ಕಲ್ಮೇಶ ಮೊಬೈಲು ಎತ್ತಿ ಹಿಡಿದಿದ್ದ.

ಅಕ್ಕೋರು ಹಾಳೆ ಬಿಚ್ಚಿದರು. “ಅವರು ಹೇಳೂದಿತ್ತು ಅಂದದ್ದು ಇದಲ್ಲಪಾ. ‘ಗೆದ್ದಾವ ಅವನ, ಗೆದ್ದಿ ಅಂತ ಅವಗ ಹೇಳಾಕ ಆಗಲಿಲ್ಲ’ ಅಂತ ಮರುಗತಿದ್ರು. ನೋಡಿಲ್ಲೆ.”

ಹನೀಫರು ನೋಡಿದರು. ಮಾಸ್ತರ ಮುತ್ತಿನಂಥ ಅಕ್ಷರ. ಮಹಮ್ಮದಹನೀಫ: ಎರಡು ನಿಮಿಷ ಹದಿನಾಲ್ಕು ಸೆಕೆಂಡು, ಎರಡು ಗಡಿಗೆ, ಮೊದಲನೆಯ ಸ್ಥಾನ. ರೇವಪ್ಪ: ಎರಡು ನಿಮಿಷ ಒಂಬತ್ತು ಸೆಕೆಂಡು, ನಾಲ್ಕು ಗಡಿಗೆ, ಎರಡನೆಯ ಸ್ಥಾನ. ಹನೀಫರು ತಿರುವು ತಪ್ಪಿಸಿದ್ದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

“ಅಂದ್ರ ನಾನ ಪಸ್ಟ್” ಎಂದರು ಹನೀಫರು. ಅವರ ದನಿ ಅವರಿಗೇ ಕೇಳಿಸಲಿಲ್ಲ.

“ಇಷ್ಟೊತ್ತಿನ ತನಕಾ ಇದ್ದಿ” ಎನ್ನುತ್ತ ಅಕ್ಕೋರು ಮೇಜಿನ ಮೇಲಿನ ಕೆಂಪು ಪೆನ್ನು ತಗೊಂಡರು. “ತಿರುವು ತಪ್ಪಿಸಿದವರ ಹೆಸರು ತಗೀಬೇಕು ಅಂತ ಹಾಳಿ ಕೆಳಗ ಅವರ ನಿಯಮ ಬರದಾರ.”

“ಮಾಸ್ತರು ಅದನ್ನ ನೋಡೇ ಇಲ್ಲಲ್ರಿ ಅಕ್ಕೋರ.”

“ನೀ ಹೇಳಿದ್ದು ನಾ ಕೇಳೇನಲ್ಲ.” ಹನೀಫರ ಹೆಸರಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಬಿತ್ತು. ರೇವಪ್ಪನ ಮುಂದಿದ್ದ ಎರಡು ಒಂದಾಯಿತು. ಅಕ್ಕೋರು ಸಹಿ ಹಾಕಿ, ತಾರೀಖು ಬರೆದು, ಹಾಳೆಯನ್ನು ರೇವಪ್ಪನ ಕೈಗೆ ಕೊಟ್ಟರು. “ಕ್ಲಬ್ಬಿನವರಿಗೆ ಬರಬ್ಯಾಡ್ರಿ ಅಂತ ನಾ ಫೋನ್ ಮಾಡ್ತೇನಿ. ಚಾಂಪಿಯನ್ ತಾನ ತರ್ತಾನ.”

ಹೊರಗೆ ಬಂದ ಮೇಲೆ ಹನೀಫರು ಕಲ್ಮೇಶನ ತೋಳು ಹಿಡಿದರು. “ಆ ವಿಡಿಯೋ ಅಳಿಸಿಬಿಡೋ.”

“ಅದು ಲೈವ್ ಇತ್ರಿ ಕಾಕಾ. ಎರಡುನೂರಾ ಹದಿನಾರು ಮಂದಿ ನೋಡ್ಯಾರ. ಈಗ ಚಾರ್ಜ್ ಸೈತ ಮುಗೀತು.” ಇಷ್ಟು ಹೇಳಿ ಅವನು ಹಿಂದಿನ ಸೀಟಿನಲ್ಲಿ ಬಿದ್ದುಕೊಂಡ. ಮೂರು ತಾಟು ಸೂಸಲಾ ತನ್ನ ಕೆಲಸ ಮಾಡಿತು. ಊರು ದಾಟುವ ಮೊದಲೇ ಗೊರಕೆ ಕೇಳಿತು.

ಕಾಲುವೆ ಬಂತು, ಹೋಯಿತು. ಹಾಳೆ ರೇವಪ್ಪನ ಅಂಗಿಯ ಕಿಸೆಯಲ್ಲಿ ಭದ್ರವಾಗಿತ್ತು. ಒಂದಷ್ಟು ದೂರ ಹೋದ ಮೇಲೆ ರೇವಪ್ಪ ಕೆಮ್ಮಿದ.

“ಹನೀಫ, ಒಂದು ಮಾತು. ನಾನೂ ಆ ಗಿಡಾ ಸುತ್ತಿಲ್ಲ.”

ಮಾರುತಿ ಕಿರ್ರೆಂದು ನಿಂತಿತು.

“ಆ ಎಮ್ಮಿ ಮುಂಜಾನಿಂದ ಅಲ್ಲೇ ಇತ್ತಪಾ” ಎಂದ ರೇವಪ್ಪ. “ಹನ್ನೊಂದು ಮಂದ್ಯಾಗ ಒಬ್ಬನೂ ಸುತ್ತಿಲ್ಲ. ಹಾಳ್ಯಾಗ ಏನರೆ ಬರದಾರೇನೋ ಅಂತ ಹೆದರಿ ನಾನೂ ಇವತ್ತ ಓಡಿ ಬಂದೆ.”

“ಮತ್ತ ಅಕ್ಕೋರ ಮುಂದ ಯಾಕ ಬಾಯಿ ಬಿಡಲಿಲ್ಲ?”

“ನನ್ನ ಯಾರು ಕೇಳಿದ್ರು?”

“ನಡಿ, ಹೊಳ್ಳಿ ಹೋಗೂಣ. ಅಕ್ಕೋರ ಮುಂದ ಹೇಳು.” ಹನೀಫರು ಗೇರು ಹಾಕಿಯೇಬಿಟ್ಟರು.

“ಹೋಗೂಣ. ಅಲ್ಲಿ ಹೋಗಿ ನಾ ಹಂಗ ಅಂದೇ ಇಲ್ಲ ಅಂತೇನಿ. ಮೂವತ್ತೆಂಟು ವರ್ಷ ಸುಳ್ಳು ಹೇಳಿದಾವ ಅಂತ ನೀನ ಈಗ ಊರಿಗೆಲ್ಲಾ ಸಾರಿ ಬಂದಿ. ಯಾರ ಮಾತು ನಂಬ್ತಾರ?”

ಹನೀಫರು ಹಿಂದಿನ ಸೀಟಿಗೆ ನೋಡಿದರು. ಸಾಕ್ಷಿ ಬಾಯಿ ತೆರೆದು ಮಲಗಿದ್ದ. ಜೀವಮಾನದಲ್ಲಿ ಒಂದೇ ಸಲ ಕಲ್ಮೇಶ ಎಚ್ಚರವಿರಬೇಕಾಗಿತ್ತು.

ಅಷ್ಟರಲ್ಲಿ ಹನೀಫರ ಫೋನು ಬಡಿದುಕೊಂಡಿತು. ಯಾಸ್ಮಿನ. ಹನೀಫರು ಗಡಿಬಿಡಿಯಲ್ಲಿ ಸ್ಪೀಕರು ಒತ್ತಿದರು. ದನಿ ಕಾರಿನ ತುಂಬ ಕೇಳಿತು.

“ಅಬ್ಬಾ, ನೋಡಿದೆ. ಮೊದಲ ಭಾಳ ಸಿಟ್ಟು ಬಂತು. ಆಮ್ಯಾಲ ಅತ್ತೆ. ಆದ್ರ ಅಷ್ಟು ಮಂದಿ ಮುಂದ ಖರೆ ಹೇಳಿದ್ರಲ್ಲ, ನನಗ ಅಷ್ಟ ಸಾಕು.”

ಇದರ ಮುಂದೆ ಯಾವ ಶಾಲು, ಯಾವ ಹಾರ. ಹನೀಫರು ಏನೋ ಹೇಳಲು ಬಾಯಿ ತೆರೆದರು.

“ರೇವಪ್ಪಕಾಕಾ ನಿಮ್ಮ ಜೋಡಿನ ಅದಾರಂತಲ್ಲ, ಅವರಿಗೆ ಕೊಡ್ರಿ” ಎಂದಳು ಯಾಸ್ಮಿನ. “ನಾಳೆ ಬನ್ನಿಗಿಡದ ತಿರುವು ಹೆಂಗ ಹೊಡೀಬೇಕಂತ ಕೇಳತೇನಿ. ಅದನ್ನ ಬರೋಬ್ಬರಿ ಹೊಡದಾವ್ರು ಅವರೊಬ್ಬರ ಅಲ್ಲ?”

ರೇವಪ್ಪ ಫೋನು ಇಸಿದುಕೊಂಡ. ಟೊಪ್ಪಿಗೆ ಸರಿಮಾಡಿಕೊಂಡ. “ಹೇಳ್ತೇನಿ ತಂಗಿ, ಛಲೋ ಕೇಳಿದಿ. ಮೊದಲನೇ ಮಾತು, ಅಡ್ಡಹಾದಿಗೆ ಮನಸು ಹೋಗಬಾರದು. ಮನಸು ಗಟ್ಟಿ ಇರಬೇಕು…”

ಹನೀಫರು ಗಾಡಿ ಚಾಲೂ ಮಾಡಿದರು. ಐದಕ್ಕೆ ಚಾಂಪಿಯನ್ನನ್ನು ಸ್ಟೇಜಿಗೆ ಮುಟ್ಟಿಸಬೇಕಾಗಿತ್ತು.