ವೀಳ್ಯದೆಲೆಗೆ ಬಾಯಿ ಬಂದದ್ದು

ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಮಾಸ್ತರಿಕೆ ಮಾಡುವವರಿಂದ ಆಗದ ಕೆಲಸ. ನಾನು ಬಾದಾಮಿಯಲ್ಲಿ ಹುಡುಗರಿಗೆ ಜೀವಶಾಸ್ತ್ರ ಕಲಿಸುವವನು. ಶಾಲೆಯಲ್ಲಿ ಹೇಳಿದ್ದು ಸಾಲದೆ ಪಾಠವನ್ನು ಮನೆಗೂ ತರುತ್ತೇನೆ. ಹುಡುಗರಿಗಾದರೆ ಗಂಟೆ ಬಾರಿಸಿದೊಡನೆ ಬಿಡುಗಡೆ. ಮನೆಯವರಿಗೆ ಅದೂ ಇಲ್ಲ.

ಈ ಬೇಸಿಗೆಯಲ್ಲಿ ಹುನಗುಂದದಿಂದ ನಮ್ಮ ಅತ್ತೆಯವರು ಬಂದರು. ಬಲು ಮೌನದ ಜೀವವೆಂದು ನಾನು ನಂಬಿದ್ದೆ. ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು, ಎಲೆಗೆ ಸುಣ್ಣ ಸವರಿ, ಅಡಿಕೆ ಸೇರಿಸಿ ಬಾಯಿಗಿಟ್ಟರೆಂದರೆ ಸಂಜೆಯ ಚಹಾದವರೆಗೆ ಮಾತಿಲ್ಲ. ನನಗೂ ಸೊಗಸಾದ ನಿದ್ದೆ. ಒಂದು ದಿನ ಅವರು ಎಲೆಯ ಬೆನ್ನು ಒರೆಸುತ್ತಿದ್ದಾಗ ನನ್ನ ನಾಲಿಗೆ ತುರಿಸಿತು.

“ಅತ್ತಿಯವರ, ನೀವು ಒರಸೂ ಜಾಗಾದಾಗ ಕಣ್ಣಿಗೆ ಕಾಣದಂಥಾ ಸಾವಿರಾರು ಬಾಯಿ ಅದಾವ. ಎಲಿ ಉಸಿರಾಡೂದು ಅವುಗಳಿಂದನ. ಇಂಗ್ಲಿಷಿನ್ಯಾಗ ಸ್ಟೊಮ್ಯಾಟಾ ಅಂತಾರ. ಗ್ರೀಕ್ ಭಾಷಾದಾಗ ಸ್ಟೋಮಾ ಅಂದ್ರ ಬಾಯಿ.”

ಅತ್ತೆಯವರ ಕೈ ಅಲ್ಲಿಯೇ ನಿಂತಿತು. “ಬಾಯಿ ಇದ್ದದ್ದನ್ನ ಹೆಂಗ ಅಗಿಯೂದ್ರಿ, ಅಳಿಯಂದ್ರ?” ಎಂದು ಎಲೆಯನ್ನು ತಟ್ಟೆಗೆ ಹಾಕಿ ದೂರ ಸರಿಸಿದರು.

ಅಂದಿನಿಂದ ಖಾಲಿಯಾದ ಆ ಬಾಯಿ ಕೆಲಸ ಹುಡುಕತೊಡಗಿತು. ನನ್ನ ಹೊಟ್ಟೆ, ನನ್ನ ಗೊರಕೆ, ನಮ್ಮ ಮದುವೆಯಲ್ಲಿ ನನ್ನ ಅಕ್ಕ ಅವರು ಕೊಟ್ಟ ಇಳಕಲ್ ಸೀರೆಯ ಸೆರಗು ಹಿಡಿದು “ಇದು ಖರೇನ ರೇಷ್ಮಿ ಏನ್ರಿ?” ಎಂದು ಕೇಳಿದ್ದು, ಎಲ್ಲವೂ ಮಧ್ಯಾಹ್ನದ ವಿಚಾರಣೆಗೆ ಬಂದವು. ನನ್ನ ನಿದ್ದೆ ಮಣ್ಣುಪಾಲಾಯಿತು. “ಸುಮ್ಮನ ಎಲಿ ತಿನ್ನಾಕಿ ನಮ್ಮವ್ವ. ಆಕಿಗೆ ಪಾಠಾ ಮಾಡಂತ ಯಾರು ಹೇಳಿದ್ರಿ ನಿಮಗ?” ಎಂದು ಹೆಂಡತಿ ಪಾತ್ರೆ ಕುಕ್ಕಿದಳು.

ಕೊನೆಗೆ ಕನ್ನಡದ ಮೊರೆಹೊಕ್ಕೆ. “ಗ್ರೀಕರ ಮಾತು ಬಿಡ್ರಿ ಅತ್ತಿಯವರ. ನಮ್ಮ ಕನ್ನಡದಾಗ ಅದಕ್ಕ ಪತ್ರರಂಧ್ರ ಅಂತೇವಿ. ಪತ್ರ ಅಂದ್ರ ಎಲಿ, ರಂಧ್ರ ಅಂದ್ರ ತೂತು. ಬರೇ ತೂತು.”

“ತೂತು ಬಿದ್ದ ಎಲಿ ಬನಶಂಕರಿಗೆ ಇಡತೇವೇನ್ರಿ? ಅಂಥಾದ್ದು ನಾ ತಿನ್ನಲೇನು?”

ಆಗ ನನಗೆ ಇನ್ನೊಂದು ಪಾಠ ಹೊಳೆಯಿತು. “ಆ ತೂತಿನ ಎರಡೂ ಕಡೆ ಕಾವಲು ಐತ್ರಿ. ಬಿಸಲು ಜೋರಾಗಿ ನೀರು ಕಡಿಮಿ ಆತಂದ್ರ ತಾವ ಮುಚ್ಚಿಕೋತಾವ. ನೀವು ಮಧ್ಯಾಹ್ನ ತಿನ್ನೂ ಹೊತ್ತಿಗೆ ಎಲ್ಲಾ ಬಂದ್.”

ಅತ್ತೆಯವರು ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಸುಣ್ಣದ ಡಬ್ಬಿ ತೆರೆದರು. ನನಗೆ ಹೋದ ಜೀವ ಬಂದಂತಾಯಿತು.

“ಎಲಿ ಭಾಳ ಶಾಣ್ಯಾ ಐತಿ ಬಿಡ್ರಿ,” ಎಂದರು. “ಮಧ್ಯಾಹ್ನ ಬಾಯಿ ಮುಚ್ಚಬೇಕನ್ನೂದನ್ನ ಯಾವ ಮಾಸ್ತರನೂ ಕಲಿಸದನ ಕಲತೈತಿ.”

ಹಾಗೆಂದು ಮೊದಲ ಎಲೆಯನ್ನು ಮಡಚಿ, ತಾವು ತಿನ್ನದೆ, ನನ್ನ ಕೈಗಿಟ್ಟರು. ಈಗ ಹೆಂಡತಿ ಸಂತೆಯಿಂದ ಎಲೆ ತರುವಾಗ ನನ್ನ ಪಾಲನ್ನೂ ಮರೆಯದೆ ತರುತ್ತಾಳೆ.